ಜೊಲ್ಲು ಒರೆಸುವ ಕೆಲಸ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಗೊಂಬೆಗೆ ಬಣ್ಣ ಹಚ್ಚುತ್ತೇನೆ ಅನ್ನುತ್ತೇನೆ. ಅಷ್ಟಕ್ಕೇ ಬಿಟ್ಟರೆ ಸರಿ, ಆದರೆ ಬಿಡುವವರು ಕಡಿಮೆ. ದಸರಾ ಗೊಂಬೆಯಾ, ಚನ್ನಪಟ್ಟಣದ್ದಾ ಎಂದು ಕೆದಕುತ್ತಾರೆ. ಎರಡೂ ಅಲ್ಲ. ಹೆಬ್ಬೆರಳಿನಷ್ಟು ಎತ್ತರದ ಸೈನಿಕರು, ರಾಕ್ಷಸರು, ಕುದುರೆ ಸವಾರರು, ಗಡ್ಡ ಬಿಟ್ಟ ರಾಜರು. ಹೊರದೇಶಗಳಲ್ಲಿ ಮೀಸೆ ಬಂದ ಗಂಡಸರು ಇವನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿಕೊಂಡು ಯುದ್ಧದಾಟ ಆಡುತ್ತಾರೆ. ಬಣ್ಣ ಹಚ್ಚುವ ಪುರುಸೊತ್ತು ಇಲ್ಲದವರು ಪೆಟ್ಟಿಗೆ ಕಟ್ಟಿ ನಮಗೆ ಕಳಿಸುತ್ತಾರೆ. ಇಷ್ಟೆಲ್ಲ ವಿವರಿಸಿದ ಮೇಲೂ ಕೇಳಿದವರ ಮುಖದಲ್ಲಿ, ಪಾಪ ಇವಳಿಗೆ ಬೇರೆ ಕೆಲಸ ಸಿಗಲಿಲ್ಲವೇನೋ ಎಂಬ ಭಾವ ಇದ್ದೇ ಇರುತ್ತದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಹಾಗಾಗಿ ಈಚೆಗೆ ವಿವರಿಸುವುದನ್ನೇ ಬಿಟ್ಟಿದ್ದೇನೆ.

ಕಾರ್ಖಾನೆ ಅನ್ನುವಷ್ಟು ದೊಡ್ಡದಲ್ಲ ನಮ್ಮದು. ಇಂದಿರಾನಗರದಿಂದ ದೊಮ್ಮಲೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಹಳೆಯ ಮನೆ, ಅದರ ಮೇಲಿನ ಮಹಡಿ. ಕಿಟಕಿಯ ಪಕ್ಕ ಉದ್ದನೆಯ ಮೇಜು, ಐದು ಜನ ಹೆಂಗಸರು, ಐದು ದೀಪ. ಯಜಮಾನರಿಗೆ ಚಿಕ್ಕಂದಿನಿಂದ ಈ ಗೊಂಬೆಗಳ ಹುಚ್ಚು. ಒಂದರ ಕಾಲು ಮುರಿದರೂ ಅವರು ಮಧ್ಯಾಹ್ನದ ಊಟ ಬಿಡುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತೇವೆ, ಆದರೆ ಮನುಷ್ಯ ಒಳ್ಳೆಯವರು. ನಾನು ಮೊದಲು ಶಿವಾಜಿನಗರದಲ್ಲಿ ಮದುವೆ ರವಿಕೆಗಳಿಗೆ ಆರಿ ವರ್ಕ್ ಮಾಡುತ್ತಿದ್ದವಳು. ಸಣ್ಣ ಮಣಿ ಪೋಣಿಸುವ ಕೈ ಸಣ್ಣ ಕಣ್ಣಿಗೆ ಬಣ್ಣವನ್ನೂ ಇಟ್ಟೀತು ಎಂದು ಅವರು ನನ್ನನ್ನು ಸೇರಿಸಿಕೊಂಡರು.

ಬಣ್ಣ ಹಚ್ಚಿದ ಗೊಂಬೆ ಮೊದಲಿಗೆ ಪೇಲವವಾಗಿ ಕಾಣುತ್ತದೆ. ಅಂಗಿಯ ನೆರಿಗೆ, ಕೆನ್ನೆಯ ಗುಳಿ, ಬೆರಳುಗಳ ಸಂದು ಯಾವುದೂ ಎದ್ದು ಕಾಣುವುದಿಲ್ಲ. ಅದಕ್ಕೆ ನೆರಳು ಬರಲೆಂದು ಕೊನೆಯಲ್ಲಿ ಇಡೀ ಗೊಂಬೆಯನ್ನು ಇಕ್ಕಳದಲ್ಲಿ ಹಿಡಿದು, ಕಂದು ಬಣ್ಣ ಬೆರೆಸಿದ ವಾರ್ನಿಶ್ ಡಬ್ಬಿಯಲ್ಲಿ ಮುಳುಗಿಸಿ ತೆಗೆಯುತ್ತೇವೆ. ಅದನ್ನು ಡಿಪ್ ಅನ್ನುತ್ತೇವೆ. ಆಮೇಲೆ ರಟ್ಟಿನ ಪೆಟ್ಟಿಗೆಯೊಳಗೆ ಕೈ ಇಟ್ಟು ಜೋರಾಗಿ ಜಾಡಿಸುತ್ತೇವೆ. ಉಬ್ಬಿದ ಕಡೆಯಿಂದ ಜಾರಿದ ಕಂದು ತಗ್ಗಿನಲ್ಲಿ ನಿಂತು ನೆರಳಾಗುತ್ತದೆ. ಇಲ್ಲಿಯವರೆಗೆ ಯಾರು ಬೇಕಾದರೂ ಮಾಡಬಹುದು. ಕಷ್ಟ ಇರುವುದು ಇದರ ಮುಂದೆ. ಎಷ್ಟು ಜಾಡಿಸಿದರೂ ಮಿಕ್ಕಿದ್ದು ಗಲ್ಲದ ಕೆಳಗೆ, ಕಂಕುಳಲ್ಲಿ, ಕಾಲುಗಳ ನಡುವೆ ಇಳಿದು ಬಂದು ಹನಿಯಾಗಿ ನಿಲ್ಲುತ್ತದೆ. ಒಣ ಕುಂಚದ ತುದಿಯನ್ನು ಆ ಹನಿಗೆ ಸುಮ್ಮನೆ ತಾಗಿಸಬೇಕು, ಉಜ್ಜಬಾರದು. ಕುಂಚ ಹೀರಿಕೊಳ್ಳುತ್ತದೆ. ಅದನ್ನು ಬಟ್ಟೆಗೆ ಒತ್ತಿ ಮತ್ತೆ ತಾಗಿಸಬೇಕು. ಹತ್ತು ಹದಿನೈದು ನಿಮಿಷದಲ್ಲಿ ಈ ಕೆಲಸ ಮುಗಿಯಬೇಕು. ತಡವಾದರೆ ವಾರ್ನಿಶ್ ಮೇಲೆ ಹಾಲಿನ ಕೆನೆಯ ಹಾಗೆ ಪದರ ಕಟ್ಟುತ್ತದೆ. ಆಗ ಮುಟ್ಟಿದರೆ ಕಿತ್ತು ಬರುತ್ತದೆ, ಬಿಟ್ಟರೆ ಕಪ್ಪು ಗಂಟಾಗಿ ಅಲ್ಲೇ ಕೂರುತ್ತದೆ.

ಈ ತೆಗೆಯುವ ಕೆಲಸವನ್ನು ನನಗೆ ಕಲಿಸಿದ್ದು ನನ್ನ ಅಪ್ಪ.

ಅಪ್ಪ ಶಿವಾಜಿನಗರದ ಫರ್ನಿಚರ್ ಅಂಗಡಿಗಳಲ್ಲಿ ಜೀವಮಾನವಿಡೀ ಪಾಲಿಶ್ ಹಾಕಿದವನು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಹೊರಗಿನಿಂದ ತರಿಸುತ್ತಿದ್ದ ಡಿಪ್ ಬರುವುದು ನಿಂತುಹೋಯಿತು. ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ನಾನು ಖಾಲಿ ಡಬ್ಬಿಯನ್ನು ಹಲಸೂರಿನ ನಮ್ಮ ಮನೆಗೆ ತಂದು ಅಪ್ಪನಿಗೆ ತೋರಿಸಿದೆ. ಅಪ್ಪ ಮೂಸಿ ನೋಡಿ, ಬೆರಳಿಗೆ ಹತ್ತಿದ್ದನ್ನು ಉಜ್ಜಿ ನೋಡಿ ನಕ್ಕ. ಇದು ನಮ್ಮ ತೇಗದ ಪಾಲಿಶ್ಶೇ, ಹೊರದೇಶದವರು ಚೆಂದದ ಡಬ್ಬಿಗೆ ಹಾಕಿದ್ದಾರೆ ಅಷ್ಟೇ ಎಂದ. ಮಾರನೆಯ ದಿನ ವಾರ್ನಿಶ್, ಕಂದು ಬಣ್ಣದ ಸ್ಟೇನರ್, ಟರ್ಪೆಂಟೈನ್ ತಂದು ಓಣಿಯಲ್ಲಿ ಕೂತು ಬೆರೆಸಿದ. ಅಳತೆ ಗಿಳತೆ ಇಲ್ಲ. ಕಡ್ಡಿಯಿಂದ ಬೀಳುವ ಹನಿ ನೋಡುವುದು, ಇನ್ನೊಂದಿಷ್ಟು ಸುರಿಯುವುದು, ಮತ್ತೆ ನೋಡುವುದು. ಆಮೇಲೆ ಬಿಳಿ ಅಂಗಿ ತೊಟ್ಟು ತಾನೇ ಡಬ್ಬಿ ಹಿಡಿದು ನಮ್ಮ ಮಹಡಿಗೆ ಬಂದ. ಚಪ್ಪಲಿ ಬಾಗಿಲಲ್ಲೇ ಬಿಟ್ಟ. ನಾವು ಕುಂಚ ಹಿಡಿದು ಉಜ್ಜುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ ಯಜಮಾನರಿಗೆ ಹೇಳಿದ, "ಹಾಕೋದು ಯಾರ್ ಬೇಕಾದ್ರೂ ಹಾಕ್ತಾರೆ ಸಾರ್. ತೆಗೆಯೋನೇ ಪಾಲಿಶ್‌ನೋನು."

ಯಜಮಾನರು ಅವನಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಅಪ್ಪ ಅರ್ಧ ದಿನ ಕೂತು ಐದು ಜನಕ್ಕೂ ಕುಂಚ ತಾಗಿಸುವುದನ್ನು ಕಲಿಸಿದ. ಆವತ್ತಿನಿಂದ ನಮ್ಮಲ್ಲಿ ನಡೆಯುವುದು ಅಪ್ಪನ ಡಿಪ್. ಎರಡು ಮೂರು ತಿಂಗಳಿಗೊಂದು ಡಬ್ಬಿ ಅವನೇ ಬೆರೆಸಿ ಕೊಡುತ್ತಿದ್ದ. ಹದ ಕಲಿಸಿಕೊಡು ಎಂದು ನಾನು ಕೇಳಲೂ ಇಲ್ಲ, ನೋಡಿ ಕಲಿತುಕೋ ಎಂದು ಅವನು ಹೇಳಲೂ ಇಲ್ಲ. ಅಪ್ಪ ಯಾವಾಗಲೂ ಇರುವುದಿಲ್ಲ ಅನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ.

ಬುದ್ಧ ಪೂರ್ಣಿಮೆಯ ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಜೊತೆಗೆ ಮಾತು. ಆಸ್ಪತ್ರೆಯಲ್ಲಿ ಊಟಕ್ಕೆಂದು ಮೂಗಿಗೆ ಟ್ಯೂಬ್ ಹಾಕಿದಾಗ ಎಡಗೈಯಲ್ಲಿ ಕಿತ್ತು ಹಾಕಿದ. ಮತ್ತೆ ಹಾಕಿ ಆ ಕೈಯನ್ನು ಮಂಚಕ್ಕೆ ಕಟ್ಟಿದರು. ಆಗ ಅವನು ನನ್ನನ್ನು ನೋಡಿದ ನೋಟವನ್ನು ಇವತ್ತಿಗೂ ಮರೆತಿಲ್ಲ. ಮೂರು ವಾರ ಕಳೆದು, ಮೆತ್ತಗಿನ ಊಟ ನುಂಗುವಷ್ಟಾದ ಮೇಲೆ ಟ್ಯೂಬ್ ತೆಗೆದು ಮನೆಗೆ ಕಳಿಸಿದರು.

ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಅಮ್ಮ ಹೋಗಿ ಬಹಳ ವರ್ಷವಾಗಿತ್ತು, ನಾನು ಮದುವೆ ಮಾಡಿಕೊಂಡಿರಲಿಲ್ಲ. ನಾನು ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ಆಂಟಿ ಅಪ್ಪನ ಹತ್ತಿರ ಕೂರುತ್ತಿದ್ದರು. ತಮ್ಮ ಮನೆಯಲ್ಲಿ ತಮಿಳು ಆಡುವವರು, ನನ್ನ ಜೊತೆ ಕನ್ನಡ, ಅಪ್ಪನ ಜೊತೆ ಎರಡನ್ನೂ ಕಲಸಿ ಆಡುವವರು. ಅವರಿಲ್ಲದಿದ್ದರೆ ನಾನು ಕೆಲಸ ಬಿಡಬೇಕಾಗುತ್ತಿತ್ತು.

ಅಪ್ಪನ ಬಾಯಿಯ ಬಲಮೂಲೆ ಇಳಿದುಬಿದ್ದಿತ್ತು. ಅಲ್ಲಿಂದ ದಿನವಿಡೀ ಜೊಲ್ಲು ಸೋರುತ್ತಿತ್ತು. ಊಟ ಮಾಡುವಾಗಲಂತೂ ಗಂಜಿಯೂ ಜೊಲ್ಲೂ ಸೇರಿ ಗಲ್ಲದಿಂದ ಕುತ್ತಿಗೆಗೆ ಇಳಿಯುತ್ತಿತ್ತು. ಈ ಮನುಷ್ಯ ಪಾಲಿಶ್ ಕೆಲಸದಿಂದ ಬಂದವನೇ ಸೀಮೆಎಣ್ಣೆಯಲ್ಲಿ ಉಗುರು ತಿಕ್ಕಿ, ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಳ್ಳದೆ ಟೀ ಕುಡಿದವನಲ್ಲ. ಜೇಬಿನಲ್ಲಿ ಮಡಿಸಿದ ಕರವಸ್ತ್ರ ಇಲ್ಲದೆ ಓಣಿಯ ತುದಿಗೂ ಹೋದವನಲ್ಲ. ಅಂಥವನ ಮುಖ ಒರೆಸಲು ನಾನು ಅವನ ಕೆಲಸದ ಚೀಲದಿಂದಲೇ ಬಟ್ಟೆ ತೆಗೆದುಕೊಂಡೆ. ಪಾಲಿಶ್ ತೆಗೆಯಲು ಅವನು ಕತ್ತರಿಸಿ ಇಟ್ಟುಕೊಂಡಿದ್ದ ಮೆತ್ತನೆ ಮಲ್ ಬಟ್ಟೆಯ ಚೌಕಗಳು, ಒಗೆದು ಮಡಿಸಿದ್ದವು.

ಮೊದಮೊದಲು ಹಗುರವಾಗಿ ಒರೆಸುತ್ತಿದ್ದೆ. ಆಮೇಲೆ ಅವಸರದಲ್ಲಿ. ಆಮೇಲೆ ಬೇಸರದಲ್ಲಿ. ಬೆಳಿಗ್ಗೆ ಮನೆಯಲ್ಲಿ ಅದು, ಹಗಲೆಲ್ಲ ಮಹಡಿಯಲ್ಲಿ ಗೊಂಬೆಗಳ ಗಲ್ಲ, ಸಂಜೆ ಮತ್ತೆ ಮನೆಯಲ್ಲಿ ಅದು. ಸುಳ್ಳು ಯಾಕೆ ಹೇಳಲಿ, ಕೆಲವು ಸಲ ವಾಕರಿಕೆ ಬರುತ್ತಿತ್ತು. ಮುಖ ಆಚೆ ತಿರುಗಿಸಿಕೊಂಡು ಒರೆಸುತ್ತಿದ್ದೆ. ಅಪ್ಪ ಅದನ್ನು ನೋಡುತ್ತಿದ್ದ ಎಂದು ಈಗ ಅನ್ನಿಸುತ್ತದೆ.

ಆ ಹೊತ್ತಿಗೆ ನಮ್ಮ ಮಹಡಿಗೆ ಹೊಸಬಳೊಬ್ಬಳು ಸೇರಿದಳು. ಕಲಬುರಗಿ ಕಡೆಯವಳು, ಗಂಡನ ಜೊತೆ ಟಿನ್ ಫ್ಯಾಕ್ಟರಿ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿ ಇದ್ದಳು. ಕೈ ಚುರುಕು, ಬಾಯಿ ಇನ್ನೂ ಚುರುಕು. ಮೊದಲ ದಿನ ನಾನು ಡಿಪ್‌ನಿಂದ ತೆಗೆದ ಒಬ್ಬ ಗಡ್ಡದ ರಾಜನನ್ನು ಅವಳ ಮುಂದೆ ನಿಲ್ಲಿಸಿದೆ. ಗಲ್ಲದ ಕೆಳಗೆ ಕಂದು ಹನಿ ತೂಗುತ್ತಿತ್ತು. ಅವಳು ಬಗ್ಗಿ ನೋಡಿ, "ಅಯ್ಯ, ಈ ಮುದುಕಗ ಜೊಲ್ಲ ಸೋರ್ಲಿಕತ್ತದ ನೋಡ್ರಿ. ಒರಸ್ರಿ ಅಕ್ಕಾ ಮದ್ಲ" ಅಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕೆ. ಆ ದಿನ ಬೆಳಿಗ್ಗೆಯಷ್ಟೇ ನಿಜವಾದ ಮುದುಕನೊಬ್ಬನ ಜೊಲ್ಲು ಒರೆಸಿ ಬಂದಿದ್ದೆ. ಅದಕ್ಕೆ ನಗಬಹುದು ಎಂಬುದೇ ಒಂದು ಬಿಡುಗಡೆ ಅನ್ನಿಸಿತು. ಅಲ್ಲಿಯವರೆಗೆ ನಾವು ಅದನ್ನು ಎಕ್ಸ್‌ಟ್ರಾ ಅನ್ನುತ್ತಿದ್ದೆವು. ಅಂದಿನಿಂದ ಅದರ ಹೆಸರು ಜೊಲ್ಲು. ಜೊಲ್ಲು ಒರೆಸಾಯ್ತಾ, ಈ ಕುದುರೆಗೆ ಜೊಲ್ಲು ಜಾಸ್ತಿ, ಜೊಲ್ಲು ಗಟ್ಟಿಯಾಗುವುದರೊಳಗೆ ಬಾ. ಯಜಮಾನರೂ ಹಾಗೇ ಅನ್ನತೊಡಗಿದರು. ಅಪ್ಪ ಮಹಡಿಗೆ ಬರುತ್ತಿದ್ದ ಕಾಲದಲ್ಲಿ ಈ ಮಾತು ಇರಲಿಲ್ಲ, ಅವನು ಇದನ್ನು ಕೇಳಿರಲಿಲ್ಲ. ನಾನೂ ಇದನ್ನು ಮನೆಯೊಳಗೆ ತರಬಾರದೆಂದು ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. ಮನೆಯಲ್ಲಿ ಆ ಪದಕ್ಕೆ ಬೇರೆ ಅರ್ಥ ಇತ್ತು.

ಅಪ್ಪ ಬೆರೆಸಿಟ್ಟಿದ್ದ ಕೊನೆಯ ಡಬ್ಬಿ ಜುಲೈನಲ್ಲಿ ಮುಗಿಯಿತು. ಹೊಸದನ್ನು ನಾನೇ ಮಹಡಿಯಲ್ಲಿ ಬೆರೆಸಿದೆ. ಹನಿ ನೋಡುವುದು, ಸುರಿಯುವುದು, ಮತ್ತೆ ನೋಡುವುದು, ಎಲ್ಲ ಅವನ ಹಾಗೇ ಮಾಡಿದೆ. ಆದರೆ ಅವನು ಆ ಹನಿಯಲ್ಲಿ ಏನು ನೋಡುತ್ತಿದ್ದ ಎಂದು ನನಗೆ ಗೊತ್ತಿರಲಿಲ್ಲ. ದಪ್ಪವಾಗಿಬಿಟ್ಟಿತು. ಮೇಲೆ ಜಿಟಿಜಿಟಿ ಮಳೆ, ಥಂಡಿ ಬೇರೆ. ಆ ವಾರ ಬಂದಿದ್ದು ಒಂದೇ ಅಚ್ಚಿನ ಮುದಿ ರಾಜರು. ಕುತ್ತಿಗೆ ಬಾಗಿಸಿ ಸಿಂಹಾಸನದಲ್ಲಿ ಕೂತವರು, ಉದ್ದ ಗಡ್ಡ. ಒಂದು ಕಡೆ ತೆಗೆದರೆ ಇನ್ನೊಂದು ಕಡೆಯಿಂದ ಇಳಿಯುತ್ತಿತ್ತು. ಶನಿವಾರ ಸಂಜೆ ನೋಡಿದರೆ ಅಷ್ಟೂ ಜನರ ಗಡ್ಡದಲ್ಲಿ ಕಪ್ಪು ಗಂಟು. ಯಜಮಾನರು ಬೈಯಲಿಲ್ಲ. ಒಂದನ್ನು ಕೈಗೆತ್ತಿಕೊಂಡು ನೋಡಿ ಹಾಗೇ ಕೆಳಗಿಟ್ಟರು. ಬೈದಿದ್ದರೆ ನನ್ನ ಕೋಪ ಅಲ್ಲೇ ಇಳಿಯುತ್ತಿತ್ತೇನೋ. ಅದನ್ನು ಹೊತ್ತುಕೊಂಡು ಮನೆಗೆ ಬಂದೆ.

ಮರುದಿನ ಭಾನುವಾರ. ಕಲಬುರಗಿಯವಳು ತಾನೇ ಮಹಡಿಗೆ ಹೋಗಿ ಟರ್ಪೆಂಟೈನ್ ಹಚ್ಚಿ ಒಂದೆರಡನ್ನಾದರೂ ಸರಿ ಮಾಡಿ ನೋಡುತ್ತೇನೆ ಎಂದಿದ್ದಳು. ಹತ್ತು ಗಂಟೆಗೆ ಫೋನ್ ಮಾಡಿದಳು. ನಾನು ಮಂಚದ ತುದಿಯಲ್ಲಿ ಕೂತು ಅಪ್ಪನಿಗೆ ರಾಗಿ ಗಂಜಿ ಕುಡಿಸುತ್ತಿದ್ದೆ. ಚಮಚ ಬಟ್ಟಲಲ್ಲಿಟ್ಟು ಎದ್ದು ಅಡುಗೆ ಕಟ್ಟೆಯ ಹತ್ತಿರ ಹೋದೆ. ನಮ್ಮ ಮನೆಯಲ್ಲಿ ಅದು ನಾಲ್ಕು ಹೆಜ್ಜೆ. ಅವಳು ಆ ಕಡೆಯಿಂದ, ಬಣ್ಣ ಕಿತ್ತು ಬರುತ್ತಿದೆ, ಏನು ಮಾಡಲಿ ಎಂದು ಕೇಳಿದಳು. ನಾನು ಹೇಳಿದೆ, "ಎಷ್ಟೂಂತ ಒರೆಸ್ಲಿ ಕಣೆ ಈ ಜೊಲ್ಲು? ನಂಗೆ ಸಾಕಾಗ್ಹೋಗಿದೆ. ಈ ಮುದುಕನ್ನ ಇನ್ಮೇಲೆ ಸರಿ ಮಾಡೋಕಾಗಲ್ಲ. ತೆಗ್ದು ಬಿಸಾಕೋದೇ ವಾಸಿ."

ಫೋನ್ ಇಟ್ಟು ಬಂದು ಚಮಚ ಎತ್ತಿದೆ. ಅಪ್ಪ ಬಾಯಿ ತೆರೆಯಲಿಲ್ಲ.

ಹೊಟ್ಟೆ ತುಂಬಿರಬೇಕು ಅಂದುಕೊಂಡೆ. ಮಧ್ಯಾಹ್ನವೂ ತೆರೆಯಲಿಲ್ಲ. ಚಮಚ ತುಟಿಗೆ ತಾಗಿಸಿದರೆ ಗೋಡೆಯ ಕಡೆ ಮುಖ ತಿರುಗಿಸಿದ. ರಾತ್ರಿ ಎರಡು ಗುಟುಕು ನೀರು ಮಾತ್ರ. ಸೋಮವಾರವೂ ಹಾಗೇ. ನಾನು ಗದರಿದೆ, ಮುದ್ದು ಮಾಡಿದೆ, ಸಿಹಿ ಹಾಕಿದೆ, ಉಪ್ಪು ಹಾಕಿದೆ. ತುಟಿ ಬಿಗಿ ಹಿಡಿಯಲು ಬರದ ಬಾಯಿ ಅದು. ಅದನ್ನೂ ಎಡಗೈಯಿಂದ ಒತ್ತಿ ಮುಚ್ಚಿಕೊಳ್ಳುತ್ತಿದ್ದ. ಬುಧವಾರ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರ್ ಗಂಟಲು ನೋಡಿದರು, ನೀರು ಕುಡಿಸಿ ನೋಡಿದರು. ನುಂಗಲು ಆಗದೆ ಬಿಡುತ್ತಿಲ್ಲ, ಬೇಡ ಎಂದು ಬಿಡುತ್ತಿದ್ದಾರೆ ಎಂದರು. ಶನಿವಾರದ ತನಕ ನೋಡಿ, ಹೀಗೇ ಇದ್ದರೆ ಮತ್ತೆ ಮೂಗಿಗೆ ಟ್ಯೂಬ್ ಹಾಕಬೇಕಾಗುತ್ತದೆ ಎಂದರು. ಟ್ಯೂಬ್ ಎಂಬ ಮಾತು ಅಪ್ಪನಿಗೆ ಅರ್ಥವಾಯಿತು. ಎಡಗೈ ಮಂಚದ ಅಂಚನ್ನು ಹಿಡಿದುಕೊಂಡಿತು. ಆದರೂ ಮನೆಗೆ ಬಂದ ಮೇಲೆ ಬಾಯಿ ತೆರೆಯಲಿಲ್ಲ.

ಗುರುವಾರ ಸಂಜೆ ಕೆಲಸದಿಂದ ಬಂದಾಗ ಆಂಟಿ ಅಪ್ಪನ ತಲೆ ಹತ್ತಿರ ಕೂತಿದ್ದರು. ಬಟ್ಟಲಿನಲ್ಲಿ ಕಾಲು ಭಾಗ ಗಂಜಿ ಖಾಲಿಯಾಗಿತ್ತು. ನಿಮ್ಮ ಕೈಯಲ್ಲಿ ತಿಂದನಾ ಎಂದು ಕೇಳಿದೆ. ಆಂಟಿ ನನ್ನನ್ನು ಬಾಗಿಲಾಚೆ ಕರೆದುಕೊಂಡು ಹೋದರು.

"ನನ್ ಕೈಲಿ ನಾಕು ಚಮಚ ತಗೋತಾರೆ ಮ್ಮಾ. ನಿನ್ ಕೈಲಿ ಬೇಡ ಅಂತಾರೆ," ಎಂದರು. "ಭಾನ್ವಾರ ನೀನ್ ಫೋನಲ್ಲಿ ಹೇಳಿದ್ದು ನಂಗೂ ಕೇಳಿಸ್ತು. ಬಟ್ಟೆ ಒಣಗ್ಹಾಕ್ತಿದ್ದೆ. ಕಷ್ಟ ಎಲ್ರಿಗೂ ಇರತ್ತೆ. ಆದ್ರೂ ಹೆತ್ತ ಅಪ್ಪನ್ನ ಬಿಸಾಕ್ಬೇಕು ಅಂತ ಅವ್ರ ಎದುರಿಗೇ ಹೇಳ್ಬಾರ್ದು ಮ್ಮಾ."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಕೂಡಲೇ ಬಂದದ್ದು ಕೋಪ. ನಾನು ಹೇಳಿದ್ದು ಗೊಂಬೆಗೆ, ಕುಂಬಳಕಾಯಿ ಕಳ್ಳ ಅಂದರೆ ಇವನ್ಯಾಕೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು ಎಂದುಕೊಂಡೆ. ಐದು ದಿನದಿಂದ ಉಪವಾಸ ಇರುವವನ ಮೇಲೆ ಆ ಕೋಪ. ಒಳಗೆ ಹೋಗಿ ಅವನ ಮುಖ ನೋಡಿದ ಮೇಲೆ ಇಳಿಯಿತು. ಕೆನ್ನೆ ಒಳಗೆ ಹೋಗಿತ್ತು. ಕಣ್ಣು ಮುಚ್ಚಿದ್ದ, ಆದರೆ ನಿದ್ದೆ ಮಾಡಿರಲಿಲ್ಲ. ಆಂಟಿಗೆ ಎಲ್ಲ ಬಿಡಿಸಿ ಹೇಳಿದೆ. ಗೊಂಬೆಗೂ ಜೊಲ್ಲಾ ಎಂದು ಅವರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಅವರು ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ಹೇಳುವಾಗ ನನಗೇ ಅದು ಕಟ್ಟುಕತೆಯ ಹಾಗೆ ಕೇಳಿಸಿತು. ಆಗಲೇ ತೀರ್ಮಾನ ಮಾಡಿದೆ, ಅಪ್ಪನಿಗೆ ಬಾಯಿಮಾತಿನಲ್ಲಿ ಹೇಳುವುದು ಬೇಡ, ತೋರಿಸಬೇಕು.

ಶುಕ್ರವಾರ ಯಜಮಾನರಿಗೆ ವಿಷಯ ಹೇಳಿ ಕೆಟ್ಟುಹೋದ ಮುದುಕರನ್ನು ಕೇಳಿದೆ. ಅವರು ಅಷ್ಟನ್ನೂ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ ಕೊಟ್ಟರು. ಕಲಬುರಗಿಯವಳು ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗಿನ ತನಕ ತಂದುಕೊಟ್ಟಳು. ಆ ಪದ ಹುಟ್ಟಿಸಿದವಳು ತಾನು ಎಂದು ಅವಳಿಗೆ ಅನ್ನಿಸಿರಬೇಕು. ಅವಳದೇನು ತಪ್ಪು?

ಶನಿವಾರ ಬೆಳಿಗ್ಗೆ ಅಪ್ಪನನ್ನು ದಿಂಬಿಗೆ ಒರಗಿಸಿ ಕಿಟಕಿಯ ಬೆಳಕಿಗೆ ಕೂರಿಸಿದೆ. ಮುಂದೆ ಸ್ಟೂಲ್ ಹಾಕಿ, ಮೇಲೆ ಪೇಪರ್ ಹಾಸಿ, ಮುದುಕರನ್ನು ಸಾಲಾಗಿ ನಿಲ್ಲಿಸಿದೆ. ಒಂದನ್ನು ಅವನ ಎಡ ಅಂಗೈಯಲ್ಲಿಟ್ಟೆ. ಅವನು ಅದನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

"ಅಪ್ಪಾ, ಇವ್ನೇ ಮುದುಕ," ಎಂದೆ. "ಇವನ ಗಡ್ಡದಲ್ಲಿ ನಿಂತಿದ್ಯಲ್ಲ, ಇದಕ್ಕೇ ನಾವು ಜೊಲ್ಲು ಅನ್ನೋದು. ನಾನು ಬೆರೆಸಿದ್ದು ದಪ್ಪ ಆಗೋಯ್ತು. ಅವತ್ತು ಫೋನಲ್ಲಿ ಹೇಳಿದ್ದು ಇವನ ಬಗ್ಗೆ. ನಿನ್ ಬಗ್ಗೆ ಅಲ್ಲ."

ಅಪ್ಪ ಅಲುಗಲಿಲ್ಲ. ನಾನು ಟರ್ಪೆಂಟೈನ್ ಬಾಟಲಿಯ ಮುಚ್ಚಳ ತೆಗೆದೆ. ಆ ವಾಸನೆ ನಮ್ಮ ಮನೆಯಲ್ಲಿ ತಿಂಗಳುಗಳಿಂದ ಇರಲಿಲ್ಲ. ಅಪ್ಪನ ಮೂಗು ಅರಳಿತು, ಕಣ್ಣು ಸ್ಟೂಲಿನ ಮೇಲೆ ಬಂತು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದ್ದಿ ಒಬ್ಬ ರಾಜನ ಗಡ್ಡಕ್ಕೆ ಹಚ್ಚಿ ಉಜ್ಜತೊಡಗಿದೆ. ಗಂಟು ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಉಜ್ಜಿದೆ. ಗಂಟಿನ ಜೊತೆ ಗಲ್ಲದ ಬಣ್ಣವೂ ಎದ್ದು ಬಂದು ಒಳಗಿನ ಬಿಳಿ ಕಾಣಿಸಿತು. ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದುಕೊಂಡೆ. ಸಂಜೆಯೊಳಗೆ ಅವನು ತಿನ್ನದಿದ್ದರೆ ಮತ್ತೆ ಆ ಟ್ಯೂಬ್, ಮತ್ತೆ ಆ ಕೈ ಕಟ್ಟುವುದು. ಹಚ್ಚಿ ಉಜ್ಜಲು ಹೊರಟಾಗ ಅಪ್ಪನ ಗಂಟಲಿನಿಂದ ಒಂದು ಸದ್ದು ಬಂತು. ಎಡಗೈ ಬಂದು ನನ್ನ ಮಣಿಕಟ್ಟು ಹಿಡಿಯಿತು.

ಬಿಡಲಿಲ್ಲ. ಹಿಡಿದೇ ಇದ್ದ. ನಾನು ಎಳೆದುಕೊಳ್ಳಲು ನೋಡಿದರೆ ಇನ್ನೂ ಬಿಗಿಯಾಗಿ ಹಿಡಿದ. ಏನು ಹೇಳುತ್ತಿದ್ದಾನೆ ಎಂದು ನಿಧಾನವಾಗಿ ಹೊಳೆಯಿತು. ಹಚ್ಚಿದ ಮೇಲೆ ಕಾಯಬೇಕು. ಟರ್ಪೆಂಟೈನ್ ತನ್ನ ಕೆಲಸ ತಾನು ಮಾಡುವ ತನಕ ಕೈ ಸುಮ್ಮನಿರಬೇಕು. ಓಣಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಹೂವಿನವಳು ಕೂಗಿಕೊಂಡು ಹೋದಳು. ಅಪ್ಪನ ಕಣ್ಣು ಆ ಗಂಟಿನ ಮೇಲೇ ಇತ್ತು. ಅದು ಹೊಳಪು ಕಳೆದುಕೊಂಡು, ಸುಕ್ಕಾಗಿ, ಮೆತ್ತಗಾಯಿತು. ಆಗ ಅವನು ನನ್ನ ಕೈ ಬಿಟ್ಟ. ಒಣ ಕುಂಚ ತಾಗಿಸಿದೆ. ಇಡೀ ಗಂಟು ಕುಂಚಕ್ಕೆ ಬಂತು. ಕೆಳಗೆ ರಾಜನ ಗಡ್ಡ, ಒಂದೊಂದು ಎಳೆಯೂ ಹಾಗೇ ಇತ್ತು.

ಮಧ್ಯಾಹ್ನದ ತನಕ ಹಾಗೇ ಕೂತೆವು. ನಾನು ಹಚ್ಚುವುದು, ಅವನು ಮಣಿಕಟ್ಟು ಹಿಡಿಯುವುದು, ಬಿಡುವುದು, ನಾನು ತೆಗೆಯುವುದು. ಎಲ್ಲ ಮುಗಿದ ಮೇಲೆ ಕೈ ತೊಳೆದು ಗಂಜಿ ತಂದೆ. ಅಪ್ಪ ಬಾಯಿ ತೆರೆದ. ಪೂರ್ತಿ ಬಟ್ಟಲು ಕುಡಿದ. ನಾನು ಅಳುತ್ತಲೇ ಕುಡಿಸಿದೆ, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಕೊನೆಯ ಚಮಚ ಕುಡಿಸಿ ಗಲ್ಲ ಒರೆಸಲು ಬಟ್ಟೆ ಎತ್ತಿದಾಗ, ಅಪ್ಪ ಎಡಗೈ ಚಾಚಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡ. ತಾನೇ ಒರೆಸಿಕೊಂಡ. ಸರಿಯಾಗಿ ಬರಲಿಲ್ಲ, ಕೆನ್ನೆಗೆಲ್ಲ ಹತ್ತಿತು, ಮತ್ತೆ ಒರೆಸಿಕೊಂಡ. ಬಟ್ಟೆಯನ್ನು ನನಗೆ ವಾಪಸ್ ಕೊಡಲಿಲ್ಲ, ಮುಷ್ಟಿಯಲ್ಲೇ ಇಟ್ಟುಕೊಂಡ.

ಮೊದಲು ನನಗೆ ಖುಷಿಯೇ ಆಯಿತು. ಹುಷಾರಾಗುತ್ತಿದ್ದಾನೆ ಎಂದುಕೊಂಡು ಆಂಟಿಗೂ ಹೇಳಿದೆ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಆಂಟಿ ಒರೆಸಿದರೆ ಸುಮ್ಮನೆ ಮುಖ ಕೊಡುತ್ತಿದ್ದ. ನಾನು ಹತ್ತಿರ ಬರುವುದು ಕಂಡರೆ ಸಾಕು, ನನ್ನ ಕೈ ಏಳುವುದಕ್ಕೆ ಮೊದಲೇ ಅವನ ಬಟ್ಟೆ ಬಾಯಿಗೆ ಹೋಗುತ್ತಿತ್ತು. ಊಟ ನನ್ನ ಕೈಯಲ್ಲೇ ಮಾಡಿದ, ಸ್ನಾನ ಮಾಡಿಸಿಕೊಂಡ, ತಲೆ ಬಾಚಿಸಿಕೊಂಡ. ಕೋಪ ಇರಲಿಲ್ಲ. ಡಬ್ಬಿ ಬೆರೆಸುವಾಗ ಮಂಚದ ಪಕ್ಕ ಕೂತು ಕಡ್ಡಿ ಎತ್ತಿ ತೋರಿಸಿದರೆ, ಹದ ಬಂದಾಗ ಕಣ್ಣು ಮುಚ್ಚಿ ತೆರೆಯುತ್ತಿದ್ದ. ನನಗೆ ಒರೆಸಲು ಮಾತ್ರ ಬಿಡಲಿಲ್ಲ.

ಯಾಕೆ ಎಂದು ನನಗೆ ಗೊತ್ತು. ಅಂದು ನಾನು ಆಡಿದ ಮಾತು ಗೊಂಬೆಯದೇ. ಅದರಲ್ಲಿ ಸುಳ್ಳಿಲ್ಲ. ಆದರೆ ಸಾಕಾಗಿ ಹೋಗಿದೆ ಎಂದ ದನಿ ಗೊಂಬೆಯದಾಗಿರಲಿಲ್ಲ. ಅದು ವಾರಗಳಿಂದ ಮುಖ ಆಚೆ ತಿರುಗಿಸಿಕೊಂಡು ಒರೆಸಿದವಳ ದನಿ. ಮಾತು ಕಳೆದುಕೊಂಡವನು ಜನರ ದನಿಯನ್ನೇ ಕೇಳುತ್ತಾನೆ. ಅಪ್ಪ ತಪ್ಪು ತಿಳಿದುಕೊಂಡಿದ್ದ ನಿಜ, ಆದರೆ ಪೂರ್ತಿ ತಪ್ಪಲ್ಲ. ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಪಂಚಶೀಲ ಹೇಳುವ ಪದ್ಧತಿ, ಸುಳ್ಳಾಡುವುದಿಲ್ಲ ಎಂಬುದು ಅದರಲ್ಲಿ ನಾಲ್ಕನೆಯದು. ಮಾತು ಹೋದ ಮೇಲೂ ಅಪ್ಪ ಬುದ್ಧನ ಪಟದ ಕಡೆ ತಿರುಗಿ ತುಟಿ ಅಲ್ಲಾಡಿಸುತ್ತಿದ್ದ. ಅದೇ ಪಟದ ಕೆಳಗೆ ಕೂತು ನಾನು "ನಿನ್ ಬಗ್ಗೆ ಅಲ್ಲ" ಎಂದಿದ್ದೆ.

ಒಂದು ದಿನ ಉಳಿದರ್ಧವನ್ನೂ ಹೇಳಿಬಿಡೋಣ ಎಂದು ಪಕ್ಕದಲ್ಲಿ ಕೂತೆ. ನನಗೆ ಅಸಹ್ಯ ಆಗಿತ್ತಪ್ಪಾ, ಈಗಿಲ್ಲ, ನನಗೆ ಒರೆಸೋಕೆ ಕೊಡು ಎಂದು ಹೇಳಬೇಕಿತ್ತು. ಅಪ್ಪಾ, ಅವತ್ತು, ಎಂದು ಶುರು ಮಾಡಿದೆ. ಅಪ್ಪ ನನ್ನನ್ನು ನೋಡಿ ಬಟ್ಟೆ ಎತ್ತಿ ಬಾಯಿ ಒರೆಸಿಕೊಂಡ. ಅಲ್ಲಿ ಏನೂ ಸೋರುತ್ತಿರಲಿಲ್ಲ. ನಾನು ಎದ್ದು ಅಡುಗೆ ಕಟ್ಟೆಗೆ ಹೋದೆ. ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡೆ.

ಮಳೆ ಹೋಗಿ ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಗಂಜಿ ತೆಗೆದುಕೊಂಡು ಬಂದಾಗ ಅಪ್ಪ ಹೋಗಿದ್ದ. ಆಂಟಿಯನ್ನು ಕೂಗಿದೆ. ಅವರು ಬಂದು ಮೂಗಿನ ಹತ್ತಿರ ಕೈ ಹಿಡಿದು ನೋಡಿ, ಕಣ್ಣು ಮುಚ್ಚಿಸಿದರು. ಜನ ಬರುತ್ತಾರೆ, ಮುಖ ಒರೆಸು ಎಂದರು. ನಾನು ಅಪ್ಪನ ಎಡಮುಷ್ಟಿ ಬಿಡಿಸಿ ಮಲ್ ಬಟ್ಟೆ ತೆಗೆದುಕೊಂಡೆ. ಬೆರಳುಗಳು ಇನ್ನೂ ಬಿಗಿಯಾಗಿರಲಿಲ್ಲ, ಸುಲಭವಾಗಿ ಬಿಟ್ಟುಕೊಟ್ಟವು. ಬಟ್ಟೆ ಒದ್ದೆಯಾಗಿತ್ತು. ಮುಖದ ಹತ್ತಿರ ಬಗ್ಗಿ ಬಾಯಿಯ ಬಲಮೂಲೆ, ಗಲ್ಲ, ಕುತ್ತಿಗೆಯ ಮಡಿಕೆ ಎಲ್ಲ ನೋಡಿದೆ. ಎಲ್ಲ ಒಣಗಿತ್ತು. ನನಗೆ ಒರೆಸಲು ಅಪ್ಪ ಏನೂ ಉಳಿಸಿರಲಿಲ್ಲ.